ಡಾ॥ ಶಾಮಶಾಸ್ತ್ರಿಗಳು ಓದಿದ ರೀತಿ

ಚಂದ್ರಗುಪ್ತ ಮೌರ್ಯನ ಮಂತ್ರಿಯಾದ ಚಾಣಕ್ಯನು ಅರ್ಥಶಾಸ್ತ್ರವನ್ನು ರಚಿಸಿದನು ಎಂಬ ವಾಕ್ಯವಿಲ್ಲದ ಟಿಪ್ಪಣಿ ಪುಸ್ತಕವು ನಮ್ಮ ಇತಿಹಾಸ ವಿದ್ಯಾರ್ಥಿಗಳಲ್ಲಿ ಒಬ್ಬರ ಬಳಿಯಲ್ಲಿಯೂ ಇರಲಾರದು. ಈ ವಾಕ್ಯ ಎಲ್ಲಿಂದ ಬಂದಿತು, ಇದರಲ್ಲಿ ಸಿದ್ಧವಾದ ಭಾಗವೆಷ್ಟು, ವಾದದಲ್ಲಿರುವ ಭಾಗವೆಷ್ಟು ಎಂದು ತಿಳಿಯಬೇಕೆಂಬ ಕುತೂಹಲದಿಂದ ನಾನು ಈ ವರ್ಷ ಕೆಲವು ಗ್ರಂಥಗಳನ್ನು ಓದತೊಡಗಿದೆನು. ಆ ಓದು ನನ್ನನ್ನು ಮೌರ್ಯರ ಪಾಟಲೀಪುತ್ರಕ್ಕಿಂತ ಮೊದಲು ಮೈಸೂರಿನ ಒಬ್ಬ ಪಂಡಿತರ ಬಳಿಗೆ ಕರೆದೊಯ್ದಿತು.

ಕಾವೇರಿಯ ದಡದಲ್ಲಿರುವ ರುದ್ರಪಟ್ಟಣವು ಹಾಸನ ಜಿಲ್ಲೆಯ ಒಂದು ಸಣ್ಣ ಗ್ರಾಮ. ಸಂಗೀತಗಾರರ ಊರೆಂದು ಅದಕ್ಕೆ ಹೆಸರು. ಶಾಮಶಾಸ್ತ್ರಿಗಳು ಅಲ್ಲಿ 1868ರಲ್ಲಿ ಜನಿಸಿದರು. ಮೈಸೂರಿಗೆ ಬಂದು ಸಂಸ್ಕೃತ ವ್ಯಾಸಂಗ ಮಾಡಿದರು. ಆಮೇಲೆ ಮದರಾಸು ವಿಶ್ವವಿದ್ಯಾನಿಲಯದ ಬಿ.ಎ. ಪದವಿಯನ್ನು ಪಡೆದರು. ಮೈಸೂರಿನಲ್ಲಿ ವಿಶ್ವವಿದ್ಯಾನಿಲಯವು ಹುಟ್ಟಿದ್ದು 1916ರಲ್ಲಿ. ಆಗಿನ ನಮ್ಮವರಿಗೆ ಮದರಾಸೇ ಗತಿ. ದಿವಾನ್ ಶೇಷಾದ್ರಿ ಅಯ್ಯರ್ ಅವರ ಪ್ರೋತ್ಸಾಹದಿಂದ ಶಾಸ್ತ್ರಿಗಳು ಮೈಸೂರಿನ ಓರಿಯಂಟಲ್ ಲೈಬ್ರರಿಯನ್ನು ಸೇರಿದರು. 1891ರಲ್ಲಿ ಸ್ಥಾಪನೆಯಾದ ಈ ಸಂಸ್ಥೆ ಹಳೆಯ ಓಲೆಗರಿಗಳನ್ನು ಕೂಡಿಹಾಕಿ, ಪರಿಶೋಧಿಸಿ, ಅಚ್ಚು ಹಾಕಿಸುವ ಕೆಲಸವನ್ನು ಕೈಗೊಂಡಿತ್ತು.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ತಂಜಾವೂರು ಜಿಲ್ಲೆಯ ಒಬ್ಬ ಪಂಡಿತರು ಈ ಲೈಬ್ರರಿಗೆ ಒಂದು ಓಲೆಯ ಕಟ್ಟನ್ನು ತಂದು ಒಪ್ಪಿಸಿದರು. ಅಕ್ಷರ ಗ್ರಂಥಲಿಪಿ, ಭಾಷೆ ಸಂಸ್ಕೃತ. ಜೊತೆಯಲ್ಲಿ ಭಟ್ಟಸ್ವಾಮಿಯ ವ್ಯಾಖ್ಯಾನದ ಒಂದು ತುಣುಕು. ಓಲೆಯ ಮೇಲೆ ಪದಕ್ಕೂ ಪದಕ್ಕೂ ನಡುವೆ ಅಂತರವಿರುವುದಿಲ್ಲ. ಎಲ್ಲಿ ಬಿಡಿಸಬೇಕೆಂಬುದನ್ನು ಓದುವವನೇ ನಿರ್ಧರಿಸಬೇಕು, ತಪ್ಪಿ ಬಿಡಿಸಿದರೆ ಅರ್ಥವೇ ಬೇರೆ. ಪ್ರತಿ ಮಾಡಿದವನ ಕೈತಪ್ಪುಗಳು ಬೇರೆ. ಇಂತಹ ಕಟ್ಟುಗಳು ಆ ಭಂಡಾರದಲ್ಲಿ ಸಾವಿರಾರು ಇದ್ದುವು. ಶಾಸ್ತ್ರಿಗಳು ಇದನ್ನು ಬಿಚ್ಚಿ ಓದುತ್ತ ಹೋದಂತೆ, ಹೆಸರು ಮಾತ್ರ ಉಳಿದು ಗ್ರಂಥವು ಕಾಣದೆಹೋಗಿದ್ದ ಕೌಟಿಲ್ಯನ ಅರ್ಥಶಾಸ್ತ್ರವೇ ಇದೆಂದು ಅವರಿಗೆ ತೋರಿತು.

ತೋರುವುದು ಒಂದು, ತೋರಿಸಿಕೊಡುವುದು ಮತ್ತೊಂದು. ಗ್ರಂಥದ ಕೊನೆಯಲ್ಲಿ ಕರ್ತೃವು ನಂದರನ್ನು ಅಳಿಸಿದವನೆಂಬ ಮಾತೇನೋ ಇದೆ. ಆದರೆ ಪುಸ್ತಕವು ತನ್ನ ಬಗ್ಗೆ ತಾನೇ ಹೇಳಿಕೊಳ್ಳುವ ಮಾತನ್ನು ಸಾಕ್ಷಿಯೆಂದು ಒಪ್ಪಬಹುದೇ? ಶಾಸ್ತ್ರಿಗಳು ಹೊರಗಿನ ಸಾಕ್ಷಿಗಳನ್ನು ಹುಡುಕಿದರು. ಕಾಮಂದಕನು ತನ್ನ ನೀತಿಸಾರದ ಮೊದಲಲ್ಲಿ ವಿಷ್ಣುಗುಪ್ತನನ್ನು ವಂದಿಸುತ್ತಾನೆ. ದಂಡಿಯ ದಶಕುಮಾರಚರಿತದಲ್ಲಿ ರಾಜನೀತಿಯ ಓದನ್ನೇ ಗೇಲಿಮಾಡುವ ಒಂದು ಪಾತ್ರವು, ಮೌರ್ಯನಿಗಾಗಿ ವಿಷ್ಣುಗುಪ್ತನು ಆರು ಸಾವಿರ ಶ್ಲೋಕಗಳ ಪ್ರಮಾಣದಲ್ಲಿ ಈ ಶಾಸ್ತ್ರವನ್ನು ಸಂಗ್ರಹಿಸಿದನೆನ್ನುತ್ತದೆ. ಬಾಣನು ಕಾದಂಬರಿಯಲ್ಲಿ ಕೌಟಿಲ್ಯನ ಶಾಸ್ತ್ರವನ್ನು ನಿರ್ದಯವಾದುದೆಂದು ನಿಂದಿಸುತ್ತಾನೆ. ಪಂಚತಂತ್ರದಲ್ಲಿ ಚಾಣಕ್ಯನ ಹೆಸರು ಬರುತ್ತದೆ. ಕಾಳಿದಾಸನ ವ್ಯಾಖ್ಯಾನಕಾರನಾದ ಮಲ್ಲಿನಾಥನು ಕೌಟಿಲ್ಯನ ಮಾತುಗಳನ್ನು ಎತ್ತಿಕೊಡುತ್ತಾನೆ. ಹೀಗೆ ಬೇರೆ ಬೇರೆ ಕಾಲದವರು, ಬೇರೆ ಬೇರೆ ಉದ್ದೇಶದಿಂದ, ಒಬ್ಬರನ್ನೊಬ್ಬರು ಕೇಳದೆ ನುಡಿದದ್ದು ಈ ಓಲೆಯ ಪಾಠದೊಡನೆ ಹೊಂದಿತು. ನನಗಂತೂ ಇವರಲ್ಲಿ ಬಾಣನ ಸಾಕ್ಷ್ಯವೇ ಹೆಚ್ಚು ರುಚಿಸಿತು. ಹೊಗಳುವವನು ಗ್ರಂಥವನ್ನು ನೋಡದೆಯೂ ಹೊಗಳಬಲ್ಲನು. ಇದರಲ್ಲಿ ಕ್ರೌರ್ಯವಿದೆಯೆಂದು ಬೈಯುವವನು ಸಾಮಾನ್ಯವಾಗಿ ಓದಿಯೇ ಬೈದಿರುತ್ತಾನೆ!

1905ರಿಂದ ಶಾಸ್ತ್ರಿಗಳು ಭಾಗಭಾಗವಾಗಿ ಇಂಗ್ಲಿಷ್ ಅನುವಾದವನ್ನು ಇಂಡಿಯನ್ ಆಂಟಿಕ್ವೆರಿ ಮೊದಲಾದ ಪತ್ರಿಕೆಗಳಲ್ಲಿ ಪ್ರಕಟಿಸಿದರು. 1909ರಲ್ಲಿ ಮೂಲವು ಅಚ್ಚಾಯಿತು. 1915ರಲ್ಲಿ ಇಡೀ ಅನುವಾದವು ಪುಸ್ತಕವಾಯಿತು. ಅದಕ್ಕೆ ಮುನ್ನುಡಿ ಬರೆದವರು ನಮ್ಮ ಕನ್ನಡ ಶಾಸನಗಳನ್ನು ಓದಿ ಪ್ರಕಟಿಸಿದ ಫ್ಲೀಟ್ ಅವರು. ಹದಿನೈದು ಅಧಿಕರಣಗಳ ಆ ಗ್ರಂಥದಲ್ಲಿ ತೆರಿಗೆ, ಗೂಢಚಾರರು, ಗಣಿ, ತೂಕ, ಆನೆ, ಕೋಟೆ, ವ್ಯಾಜ್ಯ ಎಲ್ಲವೂ ಬರುತ್ತವೆ. ಭಾರತೀಯರು ಮೋಕ್ಷವನ್ನಲ್ಲದೆ ರಾಜ್ಯವನ್ನು ಕುರಿತು ಚಿಂತಿಸಲಿಲ್ಲವೆಂದು ಬರೆಯುತ್ತಿದ್ದವರು ಪುನಃ ಲೇಖನಿ ಹಿಡಿಯಬೇಕಾಯಿತು.

ಇಷ್ಟಕ್ಕೇ ಕಥೆಯನ್ನು ಮುಗಿಸಿದರೆ ಅದು ಸ್ತೋತ್ರವಾದೀತು. ಮೇಲಣ ಸಾಕ್ಷಿಗಳಿಂದ ಸಿದ್ಧವಾಗುವುದು, ದಂಡಿ ಬಾಣರ ಕಾಲಕ್ಕೆ ಇಂತಹ ಗ್ರಂಥವೊಂದು ಇದ್ದಿತು, ಅದನ್ನು ವಿಷ್ಣುಗುಪ್ತನದೆಂದು ನಂಬುತ್ತಿದ್ದರು ಎಂಬಿಷ್ಟೇ. ಅಲ್ಲಿಂದ ಕ್ರಿ.ಪೂ. ನಾಲ್ಕನೆಯ ಶತಮಾನಕ್ಕೆ ಹೋಗಲು ಇನ್ನೂ ಸುಮಾರು ಸಾವಿರ ವರ್ಷಗಳ ದಾರಿಯಿದೆ. ಶಾಸ್ತ್ರಿಗಳು ಆ ದಾರಿಯನ್ನು ನಡೆದರು. ಜರ್ಮನಿಯ ಯಾಕೋಬಿಯವರು ಅವರ ಜೊತೆಗೆ ನಿಂತರು. ಅದೇ ದೇಶದ ಯೋಲಿಯವರು ಒಪ್ಪಲಿಲ್ಲ. ಗ್ರಂಥದ ಒಳಗನ್ನು ನೋಡಿದರೆ ಅನುಮಾನಕ್ಕೆ ಎಡೆಯಿಲ್ಲದೆ ಇಲ್ಲ. ಚಂದ್ರಗುಪ್ತನ ಹೆಸರಾಗಲಿ ಪಾಟಲೀಪುತ್ರದ ಹೆಸರಾಗಲಿ ಅದರಲ್ಲಿ ಇಲ್ಲ. ಕೋಟೆಯ ಗೋಡೆಗೆ ಮರ ಕೂಡದು, ಬೆಂಕಿ ಅದರಲ್ಲಿ ಅಡಗಿರುತ್ತದೆ ಎಂಬುದು ಕೌಟಿಲ್ಯನ ಮತ. ಮೆಗಾಸ್ತನೀಸನು ವರ್ಣಿಸಿದ ಪಾಟಲೀಪುತ್ರದ ಕೋಟೆ ಮರದ್ದು. ಆರು ಸಾವಿರ ಶ್ಲೋಕಗಳ ಲೆಕ್ಕವನ್ನು, ಶ್ಲೋಕಕ್ಕೆ 32 ಅಕ್ಷರದಂತೆ ಎಣಿಸಿದರೆ, ಈಗಿನ ಪಾಠ ಆ ಮೊತ್ತವನ್ನು ಮುಟ್ಟುವುದಿಲ್ಲ.

ವಿರೋಧ ಬಂದಾಗ ಶಾಸ್ತ್ರಿಗಳು ಮಾಡಿದ ಕೆಲಸ ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ. 1919ರಲ್ಲಿ ಮೂಲವನ್ನು ತಿದ್ದಿ ಮತ್ತೆ ಅಚ್ಚು ಹಾಕಿಸಿದರು. ಅನುವಾದವನ್ನು 1923ರಲ್ಲಿಯೂ 1929ರಲ್ಲಿಯೂ ಪರಿಷ್ಕರಿಸಿದರು. 1924-25ರಲ್ಲಿ ಅರ್ಥಶಾಸ್ತ್ರದ ಪದಗಳ ಅನುಕ್ರಮಣಿಕೆಯನ್ನು ಮೂರು ಸಂಪುಟಗಳಲ್ಲಿ ಹೊರತಂದರು. ಯಾವ ಪದ ಎಲ್ಲೆಲ್ಲಿ ಬಂದಿದೆಯೆಂದು ತೋರಿಸುವ ಇಂತಹ ಪಟ್ಟಿಯನ್ನು ಯಂತ್ರದ ಸಹಾಯವಿಲ್ಲದೆ ಸಿದ್ಧಪಡಿಸುವುದೆಂದರೆ ಎಷ್ಟು ಹಗಲು, ಎಷ್ಟು ಎಣ್ಣೆ! ಕೀರ್ತಿ ತರುವ ಕೆಲಸವಲ್ಲ ಅದು. ತನ್ನ ಮತವನ್ನು ಖಂಡಿಸಬೇಕೆನ್ನುವವನ ಕೈಗೂ ಅದು ಒಂದು ಒಳ್ಳೆಯ ಸಾಧನವನ್ನು ಕೊಡುತ್ತದೆ. ಪ್ರಬಂಧ ಬರೆಯುವಾಗ ಗೈಡನ್ನು ತೆರೆಯುವ ಮೊದಲು ಇಂತಹ ಅನುಕ್ರಮಣಿಕೆಯೊಂದನ್ನು ತೆರೆದು, ಒಂದು ಪದವನ್ನು ಅದು ಬಂದ ಸ್ಥಳಗಳಲ್ಲೆಲ್ಲ ಓದಿನೋಡಿದರೆ, ನಮ್ಮ ಅರ್ಧ ಸಂದೇಹ ಪರಿಹಾರವಾಗುತ್ತದೆ, ಉಳಿದರ್ಧ ಇಮ್ಮಡಿಸುತ್ತದೆ.

ಪಾಠಶೋಧನೆಯೂ ನಿಲ್ಲಲಿಲ್ಲ. ತಿರುವನಂತಪುರದಲ್ಲಿ ಗಣಪತಿ ಶಾಸ್ತ್ರಿಗಳು ಬೇರೆ ಪ್ರತಿಗಳನ್ನು ಹಿಡಿದು ಸ್ವಂತ ವ್ಯಾಖ್ಯಾನದೊಡನೆ ಪ್ರಕಟಿಸಿದರು. 1960ರಲ್ಲಿ ಮುಂಬಯಿಯ ಕಾಂಗಲೆಯವರ ಪರಿಷ್ಕರಣ ಬಂದಿತು. ಶಾಮಶಾಸ್ತ್ರಿಗಳ ಎಷ್ಟೋ ಪಾಠಗಳು ಅದರಲ್ಲಿ ಬದಲಾದುವು. 1971ರಲ್ಲಿ ಅಮೆರಿಕದ ಟ್ರೌಟ್‌ಮನ್ ಅವರು ಗ್ರಂಥದಲ್ಲಿನ ಚ, ವಾ ಮೊದಲಾದ ಚಿಕ್ಕ ಚಿಕ್ಕ ಪದಗಳನ್ನು ಎಣಿಸಿ, ಇದು ಒಬ್ಬನ ಕೈಯ ಬರಹವಲ್ಲವೆಂದು ವಾದಿಸಿದರು. ಈಗ ಅನೇಕ ವಿದ್ವಾಂಸರು ಗ್ರಂಥವು ಮೌರ್ಯರಿಗಿಂತ ಈಚೆಗೆ ಈ ರೂಪವನ್ನು ಪಡೆಯಿತೆಂದು ಭಾವಿಸುತ್ತಾರೆ. ಆದರೆ ಈ ವಾದಗಳೆಲ್ಲ ಹುಟ್ಟಲು ಗ್ರಂಥವೇ ಮೊದಲು ಕಣ್ಣಿಗೆ ಬೀಳಬೇಕಾಗಿತ್ತಲ್ಲವೇ?

ಶಾಸ್ತ್ರಿಗಳ ಉಳಿದ ಜೀವನವನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಕಲ್ಕತ್ತಾ ವಿಶ್ವವಿದ್ಯಾನಿಲಯದಲ್ಲಿ ಭಾರತೀಯ ರಾಜ್ಯಪದ್ಧತಿಯನ್ನು ಕುರಿತು ಅವರು ಮಾಡಿದ ಉಪನ್ಯಾಸಗಳು 1920ರಲ್ಲಿ ಪುಸ್ತಕವಾದುವು. ಆ ವಿಶ್ವವಿದ್ಯಾನಿಲಯವೇ 1921ರಲ್ಲಿ ಅವರಿಗೆ ಡಾಕ್ಟರ್ ಪದವಿಯನ್ನಿತ್ತಿತು. ಆರ್. ನರಸಿಂಹಾಚಾರ್ಯರು 1922ರಲ್ಲಿ ನಿವೃತ್ತರಾದ ಮೇಲೆ ಮೈಸೂರಿನ ಪುರಾತತ್ತ್ವ ಶಾಖೆಯ ಹೊಣೆ ಇವರಿಗೆ ಬಂದಿತು. ಮುಪ್ಪಿನಲ್ಲಿ ವೇದಾಂಗಜ್ಯೋತಿಷ, ವೇದಕಾಲದ ಗ್ರಹಣಚಕ್ರ ಇವುಗಳಲ್ಲಿ ಮುಳುಗಿ ಪುಸ್ತಕಗಳನ್ನು ಬರೆದರು. ಇವು ವಿದ್ವಾಂಸರನ್ನು ಅಷ್ಟಾಗಿ ಒಲಿಸಿಕೊಳ್ಳಲಿಲ್ಲ. ಸಾಕ್ಷ್ಯವು ಹೊರಬಲ್ಲುದಕ್ಕಿಂತ ಹೆಚ್ಚಿನ ಭಾರವನ್ನು ಅದರ ಮೇಲೆ ಹೊರಿಸಿದರೆಂದು ನನ್ನ ಅನಿಸಿಕೆ. 1943ರಲ್ಲಿ ಓರಿಯಂಟಲ್ ಲೈಬ್ರರಿಗೆ ಪ್ರಾಚ್ಯವಿದ್ಯಾ ಸಂಶೋಧನಾಲಯವೆಂಬ ಹೊಸ ಹೆಸರು ಬಂದಿತು. ಮರುವರ್ಷ ಶಾಸ್ತ್ರಿಗಳು ತೀರಿಕೊಂಡರು. ತಂಜಾವೂರಿನಿಂದ ಬಂದ ಆ ಓಲೆಯ ಕಟ್ಟು ಆ ಸಂಸ್ಥೆಯಲ್ಲಿಯೇ ಇದೆ.