ಅಜೀಜುಲ್ ಹಕ್ ಕಟ್ಟಿದ 1024 ಗೂಡುಗಳು

ನಮ್ಮ ತಾರ್ನಾಕದಿಂದ ಹಬ್ಸಿಗುಡ ದಾಟಿ ರಾಮಂತಾಪುರಕ್ಕೆ ಹೋದರೆ ಕೇಂದ್ರ ಸರ್ಕಾರದ ಅಪರಾಧ ವಿಜ್ಞಾನ ಪ್ರಯೋಗಾಲಯ ಸಿಗುತ್ತದೆ. ಕೊಲೆ, ಕಳವು ನಡೆದ ಜಾಗದಿಂದ ಪೋಲೀಸರು ಎತ್ತಿ ತಂದ ಸಾಕ್ಷ್ಯಗಳಿಗೆ ಅಲ್ಲಿ ಪರೀಕ್ಷೆ. ಬೆರಳಚ್ಚು ಅಂದ ತಕ್ಷಣ ನಮಗೆ ನೆನಪಾಗುವುದು ಸ್ಕಾಟ್ಲೆಂಡ್ ಯಾರ್ಡು. ಪತ್ತೇದಾರಿ ಕಾದಂಬರಿ ಓದಿದ ಫಲ! ಆದರೆ ಬೆರಳಚ್ಚುಗಳನ್ನು ವಿಂಗಡಿಸುವ ಪದ್ಧತಿ ಅಲ್ಲಿಗೆ ಹೋದದ್ದೇ ಕಲ್ಕತ್ತೆಯಿಂದ.

ಖಾಜಿ ಅಜೀಜುಲ್ ಹಕ್ ಹುಟ್ಟಿದ್ದು 1872ರಲ್ಲಿ, ಬಂಗಾಳದ ಖುಲ್ನಾ ಸೀಮೆಯಲ್ಲಿ. ತಂದೆತಾಯಿ ಇಲ್ಲದ ಹುಡುಗ. ಎಳೆವಯಸ್ಸಿನಲ್ಲೇ ಮನೆ ಬಿಟ್ಟು ಕಲ್ಕತ್ತೆ ಸೇರಿದರು. ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಗಣಿತ ಓದಿದರು. 1892ರಲ್ಲಿ ಬಂಗಾಳದ ಪೋಲೀಸ್ ಮುಖ್ಯಸ್ಥ ಎಡ್ವರ್ಡ್ ಹೆನ್ರಿ ಅವರನ್ನು ಸಬ್ ಇನ್‌ಸ್ಪೆಕ್ಟರ್ ಮಾಡಿಕೊಂಡರು.

ಆಗ ಕೈದಿಗಳ ಗುರುತಿಗೆ ತಲೆ, ತೋಳು, ಪಾದಗಳನ್ನು ಅಳೆಯುತ್ತಿದ್ದರು. ಒಬ್ಬ ಅಳೆದದ್ದು ಇನ್ನೊಬ್ಬನಿಗೆ ಹೊಂದುತ್ತಿರಲಿಲ್ಲ. ಬೆರಳಚ್ಚೇ ವಾಸಿ ಅಂತ ಹೆನ್ರಿಗೆ ಗೊತ್ತಿತ್ತು. ಆದರೆ ಸಾವಿರಾರು ಕಾಗದಗಳ ರಾಶಿಯಲ್ಲಿ ಬೇಕಾದ್ದನ್ನು ಹುಡುಕುವುದು ಹೇಗೆ?

ಹಕ್ ಇದನ್ನು ಲೆಕ್ಕವಾಗಿಯೇ ನೋಡಿದರು. ನಮ್ಮಲ್ಲಿ ಹಸ್ತ ನೋಡುವವರು ಶಂಖ, ಚಕ್ರ ಅಂತ ಎಣಿಸುತ್ತಾರಲ್ಲ, ಅವರೂ ಚಕ್ರಗಳನ್ನೇ ಎಣಿಸಿದ್ದು! ಹತ್ತು ಬೆರಳಿಗೆ ಐದು ಜೋಡಿ. ಮೊದಲ ಜೋಡಿಯ ಬೆರಳಲ್ಲಿ ಚಕ್ರವಿದ್ದರೆ 16 ಅಂಕ, ಆಮೇಲೆ ಕ್ರಮವಾಗಿ 8, 4, 2, 1. ಚಕ್ರವಿಲ್ಲದಿದ್ದರೆ ಸೊನ್ನೆ. ಸಮಸಂಖ್ಯೆಯ ಬೆರಳುಗಳ ಮೊತ್ತಕ್ಕೆ ಒಂದು ಸೇರಿಸಿ ಮೇಲೆ ಬರೆಯುವುದು, ಬೆಸಸಂಖ್ಯೆಯವಕ್ಕೂ ಒಂದು ಸೇರಿಸಿ ಕೆಳಗೆ. ಎರಡೂ 1ರಿಂದ 32ರೊಳಗೆ. 32ನ್ನು 32ರಿಂದ ಗುಣಿಸಿದರೆ 1024. ಅಷ್ಟು ಗೂಡುಗಳ ಕಪಾಟು ಸಾಕಾಯಿತು. ನೂರಾರು ಜನರ ಕೆಲಸ ಒಂದು ಭಿನ್ನರಾಶಿಯಲ್ಲಿ ಮುಗಿಯಿತು ನೋಡಿ. ಜೊತೆಗಾರ ಹೇಮಚಂದ್ರ ಬೋಸ್ ಈ ಗುರುತುಗಳನ್ನು ತಂತಿಯಲ್ಲಿ ಕಳಿಸುವ ಸಂಕೇತ ರೂಪಿಸಿದರು.

1897ರಲ್ಲಿ ಕಲ್ಕತ್ತೆಯಲ್ಲಿ ಬೆರಳಚ್ಚು ಕಚೇರಿ ಶುರುವಾಯಿತು. ಅದೇ ವರ್ಷ ಜಲ್ಪಾಯ್‌ಗುರಿಯ ಚಹಾತೋಟದ ಮ್ಯಾನೇಜರನ ಕೊಲೆಯಾಯಿತು. ಅಲ್ಲಿದ್ದ ಬಂಗಾಳಿ ಪಂಚಾಂಗದ ಮೇಲೆ ಹೆಬ್ಬೆರಳಿನ ಕಲೆ. ಕಚೇರಿಯ ದಾಖಲೆಯಲ್ಲಿದ್ದ ಹಳೆಯ ಆಳು ಕಂಗಾಲಿ ಚರಣನ ಗುರುತಿಗೆ ಅದು ಹೊಂದಿತು. ನ್ಯಾಯಾಲಯ 1898ರಲ್ಲಿ ಅವನಿಗೆ ಕಳವಿಗೆ ಶಿಕ್ಷೆ ಕೊಟ್ಟಿತು, ಕೊಲೆಗಲ್ಲ. ಅಚ್ಚು ಅವನು ಅಲ್ಲಿದ್ದನೆಂದು ಹೇಳುತ್ತದೆ, ಕೊಂದನೆಂದಲ್ಲ. ಆ ವಿವೇಕ ನನಗೆ ಅಪರಾಧ ಪತ್ತೆಯಷ್ಟೇ ದೊಡ್ಡದೆನಿಸುತ್ತದೆ.

1900ರಲ್ಲಿ ಪುಸ್ತಕ ಬಂದದ್ದು ಹೆನ್ರಿಯ ಹೆಸರಲ್ಲಿ. ಪದ್ಧತಿಗೂ ಅವರದೇ ಹೆಸರು. ಮರುವರ್ಷ ಅವರು ಸ್ಕಾಟ್ಲೆಂಡ್ ಯಾರ್ಡಿಗೆ ಹೋದರು. ಹಕ್ ಇಲ್ಲೇ ಉಳಿದರು. 1913ರಲ್ಲಿ ಖಾನ್ ಸಾಹಿಬ್ ಬಿರುದು, ಮುಂದೆ ಐದು ಸಾವಿರ ರೂಪಾಯಿ ಗೌರವಧನ. ತಮ್ಮ ಸಿಬ್ಬಂದಿಯಲ್ಲಿ ಎಲ್ಲರಿಗಿಂತ ಹೆಚ್ಚು ದುಡಿದವರು ಹಕ್ ಎಂದು ಹೆನ್ರಿ ಬರೆದುಕೊಟ್ಟದ್ದು 1926ರಲ್ಲಿ. ಹಕ್ ಬಿಹಾರದ ಮೋತಿಹಾರಿಯಲ್ಲಿ ನೆಲೆಸಿ, 1935ರಲ್ಲಿ ಅಲ್ಲೇ ತೀರಿಕೊಂಡರು.