ಅಸಂಗರು ಮತ್ತು ಹುಳು ಬಿದ್ದ ನಾಯಿ



ಇವತ್ತಿನ ಚಿಂತನೆಗೆ ಆಚಾರ್ಯ ಅಸಂಗರ ಬದುಕನ್ನು ತೆಗೆದುಕೊಂಡಿದ್ದೇನೆ. ಕ್ರಿ.ಶ. 4ನೇ ಶತಮಾನದವರು. ಹುಟ್ಟಿದ್ದು ಪುರುಷಪುರದಲ್ಲಿ, ಅಂದರೆ ಇಂದಿನ ಪೇಶಾವರದಲ್ಲಿ. ಬ್ರಾಹ್ಮಣ ಮನೆತನ ಬಿಟ್ಟು ಭಿಕ್ಷುವಾದವರು. ಅಭಿಧರ್ಮಕೋಶ ಬರೆದ ವಸುಬಂಧು ಇವರ ತಮ್ಮ.

ಇವರ ಬಗ್ಗೆ ಟಿಬೆಟ್ಟಿನ ಇತಿಹಾಸಕಾರರಾದ ಬುತೋನ್ ಮತ್ತು ತಾರಾನಾಥ ಒಂದು ಕಥೆ ಹೇಳುತ್ತಾರೆ. ಮೈತ್ರೇಯನನ್ನು ಕಾಣಬೇಕೆಂದು ಅಸಂಗರು ಬೆಟ್ಟದ ಗವಿಯಲ್ಲಿ ಧ್ಯಾನಕ್ಕೆ ಕೂತರು. ಮೂರು ವರ್ಷಕ್ಕೊಮ್ಮೆ ಬೇಸತ್ತು ಹೊರಬರುವರು. ಹಕ್ಕಿಯ ರೆಕ್ಕೆ ತಾಗಿ ತಾಗಿ ಸವೆದ ಬಂಡೆಯನ್ನೋ, ಹನಿ ನೀರು ಕೊರೆದ ಕಲ್ಲನ್ನೋ ನೋಡಿ ಮತ್ತೆ ಒಳಗೆ ಹೋಗುವರು. ಹೀಗೆ 12 ವರ್ಷ ಕಳೆಯಿತು. ಏನೂ ಕಾಣಲಿಲ್ಲ. ಸಾಕೆಂದು ಬೆಟ್ಟ ಇಳಿದುಬಿಟ್ಟರು.

ದಾರಿಯಲ್ಲಿ ಒಂದು ನಾಯಿ ಬಿದ್ದಿತ್ತು. ಸೊಂಟದ ಕೆಳಗೆಲ್ಲ ಕೊಳೆತು ಹುಳು ಬಿದ್ದಿವೆ. ಹತ್ತಿರ ಹೋದರೆ ಕಚ್ಚಲು ಬರುತ್ತದೆ. ಹುಳು ತೆಗೆಯದಿದ್ದರೆ ನಾಯಿ ಸಾಯುತ್ತದೆ, ತೆಗೆದರೆ ಹುಳುಗಳು ಸಾಯುತ್ತವೆ. ಅಸಂಗರು ಊರಿಗೆ ಹೋಗಿ ತಮ್ಮ ಊರುಗೋಲು ಕೊಟ್ಟು ಚೂರಿ ತಂದರು. ತೊಡೆಯ ಮಾಂಸ ಕೊಯ್ದು ಹುಳುಗಳಿಗಿಟ್ಟರು. ಬೆರಳಿಗೆ ಸಿಕ್ಕರೆ ಅವು ನುಜ್ಜಾಗುತ್ತವೆಂದು ಕಣ್ಣು ಮುಚ್ಚಿ ನಾಲಗೆ ಚಾಚಿದರು. ನಾಲಗೆ ನೆಲಕ್ಕೆ ತಾಗಿತು. ಕಣ್ಣು ಬಿಟ್ಟರೆ ನಾಯಿ ಇಲ್ಲ, ಮೈತ್ರೇಯ ನಿಂತಿದ್ದ.

ಪವಾಡವನ್ನು ನಂಬಿ ಎಂದು ನಾನು ಹೇಳುವವನಲ್ಲ. 12 ವರ್ಷ ಕೂತು ಸಿಗದ್ದು ನಾಯಿಯ ಮುಂದೆ ಮಂಡಿಯೂರಿದಾಗ ಸಿಕ್ಕಿತು ಎಂಬಷ್ಟನ್ನು ಇಟ್ಟುಕೊಳ್ಳುತ್ತೇನೆ. (ನಾಲಗೆಯ ಭಾಗವನ್ನಂತೂ ಯಾರೂ ಅನುಸರಿಸಬೇಡಿ. ನಾಯಿಗೆ ರೇಬೀಸ್ ಲಸಿಕೆ ಹಾಕಿಸಿ. ಹಲ್ಲು ತಾಗಿದರೆ ಸೋಪು ನೀರಿನಲ್ಲಿ ಚೆನ್ನಾಗಿ ತೊಳೆದು ನೀವೂ ಚುಚ್ಚುಮದ್ದು ಹಾಕಿಸಿಕೊಳ್ಳಿ.)

ಈ ಕಥೆ ನೆನಪಾಗಲು ಕಾರಣವಿದೆ. ಹೋದ ಮಳೆಗಾಲದಲ್ಲಿ ನಮ್ಮ ಬೀದಿಯ ನಾಯಿಗೆ ಟೆಂಪೋ ಬಡಿದು ಹಿಂಗಾಲು ಮುರಿಯಿತು, ಗಾಯಕ್ಕೆ ಹುಳು ಬಿತ್ತು. ಪಶು ಆಸ್ಪತ್ರೆಯಲ್ಲಿ ಹುಳು ತೆಗೆದು ಪಟ್ಟಿ ಕಟ್ಟಿದರು. ಮತ್ತೆ ಬೀದಿಗೆ ಬಿಟ್ಟರೆ ಉಳಿಯದು ಎಂದು ಮನೆಗೇ ತಂದೆವು. ಅವ್ವ ಒಪ್ಪಲಿಲ್ಲ. ಅವಳು ಚಿಕ್ಕವಳಿದ್ದಾಗ ಊರ ಹೋಟೆಲಿನ ಜಗಲಿ ಮೇಲೆ ನಾಯಿ ಮಲಗುತ್ತಿತ್ತು. ನಮ್ಮ ಅಜ್ಜ ಅಂಗಳದಲ್ಲಿ ನಿಂತು ತೆಂಗಿನ ಚಿಪ್ಪಿನಲ್ಲಿ ಟೀ ಕುಡಿಯಬೇಕಿತ್ತು. ನಮಗೆ ಸಿಗದ ಜಾಗ ಪಡೆದ ಪ್ರಾಣಿಯನ್ನು ಈಗ ನಾವೇ ಸಾಕಬೇಕೇ ಎಂದು ಅವಳು ಕೇಳಿದಳು.

ಅದು ಸಣ್ಣ ಪ್ರಶ್ನೆಯಲ್ಲ. ಪ್ರಾಣಿಗಳು ಕುಡಿಯಬಹುದಾಗಿದ್ದ ಚವದಾರ್ ಕೆರೆಯ ನೀರನ್ನು ಮುಟ್ಟಲು ಬಾಬಾಸಾಹೇಬರು 1927ರ ಮಾರ್ಚ್ 20ರಂದು ಮಹಾಡದಲ್ಲಿ ಸತ್ಯಾಗ್ರಹ ಮಾಡಬೇಕಾಯಿತು. ಆದರೆ ಅಜ್ಜನನ್ನು ಜಗಲಿಯಿಂದ ದೂರವಿಟ್ಟಿದ್ದು ನಾಯಿಯಲ್ಲವಲ್ಲ. ಅದೇ ಬಾಬಾಸಾಹೇಬರು 1956ರಲ್ಲಿ ನಾಗಪುರದಲ್ಲಿ ಕೊಟ್ಟ 22 ಪ್ರತಿಜ್ಞೆಗಳಲ್ಲಿ ಎಲ್ಲ ಜೀವಿಗಳ ಮೇಲಿನ ದಯೆಯೂ ಸೇರಿದೆ. ಅವ್ವನಿಗೆ ಇದನ್ನು ಹೇಳಿದೆ. ಪೂರ್ತಿ ಒಪ್ಪಿಲ್ಲ. ನಾಯಿ ಹಿತ್ತಲಲ್ಲಿದೆ, ಕುಂಟುತ್ತಾ ಓಡಾಡುತ್ತದೆ. ಹೊಸ್ತಿಲು ದಾಟಲು ಅವಳು ಇನ್ನೂ ಬಿಟ್ಟಿಲ್ಲ.

ಅಸಂಗರ ಕಥೆಯ ಉಳಿದ ಭಾಗ ಹಲವರಿಗೆ ಗೊತ್ತಿಲ್ಲ. ಇಷ್ಟು ದಿನ ಎಲ್ಲಿದ್ದೆ ಎಂದು ಅವರು ಮೈತ್ರೇಯನನ್ನು ಕೇಳಿದರಂತೆ. ಮೊದಲಿನಿಂದಲೂ ಪಕ್ಕದಲ್ಲೇ ಇದ್ದೆ, ನಂಬಿಕೆಯಿಲ್ಲದಿದ್ದರೆ ಹೆಗಲ ಮೇಲೆ ಹೊತ್ತು ಊರಿಗೆ ಹೋಗಿ ಜನರನ್ನು ಕೇಳು ಎಂದನಂತೆ. ಅಸಂಗರು ಹಾಗೇ ಮಾಡಿದರು. ಊರ ಜನಕ್ಕೆ ಬರಿಯ ಹೆಗಲು ಕಂಡಿತು. ಒಬ್ಬಳಿಗೆ ಮಾತ್ರ ಹೆಗಲ ಮೇಲೆ ನಾಯಿಮರಿ ಕಂಡಿತು. ಒಂದು ಪಾಠದಲ್ಲಿ ಅವಳು ಹೆಂಡ ಮಾರುವವಳು, ಇನ್ನೊಂದರಲ್ಲಿ ಮುದುಕಿ.

ಆಮೇಲೆ ಅಸಂಗರು ಗವಿಗೆ ಮರಳಲಿಲ್ಲ. ಅಯೋಧ್ಯೆಯಲ್ಲಿ ಬೋಧಿಸುತ್ತಿದ್ದರೆಂದು ಹ್ಯೂಯೆನ್ ತ್ಸಾಂಗ್ ಬರೆದಿದ್ದಾನೆ. ಮಹಾಯಾನಸಂಗ್ರಹ, ಅಭಿಧರ್ಮಸಮುಚ್ಚಯ ಬರೆದರು. ತಮ್ಮ ವಸುಬಂಧುವನ್ನೂ ಮಹಾಯಾನಕ್ಕೆ ಕರೆತಂದರು.