ಗಣಿತದ ದಾರಿಯಿಂದ ವಿದ್ಯಾಲಯದ ಕಡೆಗೆ: ಡಾ. ಡಿ. ಸಿ. ಪಾವಟೆಯವರ ಜೀವನ

ಕೃಷ್ಣಾತೀರದ ಸತ್ತಿಯಿಂದಾಗಲಿ, ಅಥಣಿ, ರಾಯಬಾಗ, ಚಿಕ್ಕೋಡಿ ಸೀಮೆಯ ಬೇರೆ ಯಾವುದೇ ಹಳ್ಳಿಯಿಂದಾಗಲಿ ವಿದ್ಯಾರ್ಥಿಯೊಬ್ಬನು ಗಣಿತವನ್ನೋ ಸಂಖ್ಯಾಶಾಸ್ತ್ರವನ್ನೋ ಆಳವಾಗಿ ಅಭ್ಯಸಿಸಲು ಇಂದು ಮನಸ್ಸು ಮಾಡಿದರೆ ಅವನ ಮುಂದೆ ದಾರಿ ತೆರೆದೇ ಇದೆ. ತಾಲೂಕಿನ ಊರಿನಲ್ಲಿ ಕಾಲೇಜು ಇದೆ. ಬೆಳಗಾವಿಯಲ್ಲಿ 2010ರಿಂದ ರಾಣಿ ಚನ್ನಮ್ಮನ ಹೆಸರಿನ ವಿಶ್ವವಿದ್ಯಾಲಯವಿದೆ. ಧಾರವಾಡದ ಗುಡ್ಡದ ಮೇಲೆ ಅದಕ್ಕೂ ಹಿರಿದಾದ ಕರ್ನಾಟಕ ವಿಶ್ವವಿದ್ಯಾಲಯವಿದೆ. ಆದರೆ ನೂರು ವರ್ಷಗಳ ಹಿಂದೆ ಈ ಭಾಗದ ರೈತನ ಮಗನಿಗೆ ಉನ್ನತ ವಿದ್ಯೆ ಎಂಬುದು ದೂರದ ಮಾತಾಗಿತ್ತು. ಆ ದೂರವನ್ನು ಮೊದಲು ತಾವು ಕ್ರಮಿಸಿ, ಬಳಿಕ ತಮ್ಮ ಹಿಂದೆ ಬರುವವರಿಗಾಗಿ ಅದನ್ನು ತಗ್ಗಿಸಿದ ಮಹನೀಯರಲ್ಲಿ ಡಾ. ದಾದಪ್ಪ ಚಿಂತಪ್ಪ ಪಾವಟೆಯವರು ಅಗ್ರಗಣ್ಯರು. ಗಣಿತಜ್ಞರಾಗಿ ಹೊರಟ ಅವರು ವಿದ್ಯಾಲಯಗಳ ನಿರ್ಮಾಪಕರಾದರು. ಈ ತಿರುವಿನಲ್ಲಿಯೇ ಅವರ ಜೀವನದ ತ್ಯಾಗವೂ ಅದರ ಫಲವೂ ಅಡಗಿವೆ.

ಪಾವಟೆಯವರು 1899ನೆಯ ಇಸವಿ ಆಗಸ್ಟ್ 2ರಂದು ಬೆಳಗಾವಿ ಜಿಲ್ಲೆಯ ಗೋಕಾಕ ತಾಲೂಕಿನ ಮಮದಾಪುರದಲ್ಲಿ ಜನಿಸಿದರು. ಬೆಳಗಾವಿ, ಧಾರವಾಡ, ವಿಜಾಪುರ, ಕಾರವಾರ ಜಿಲ್ಲೆಗಳು ಆಗ ಮುಂಬಯಿ ಪ್ರಾಂತದ ದಕ್ಷಿಣದ ಅಂಚಿನಲ್ಲಿದ್ದುವು. ಪ್ರಾಂತದ ವಿದ್ಯೆಯ ಬೆಳಕೆಲ್ಲ ಮುಂಬಯಿ, ಪುಣೆಗಳಲ್ಲಿ ಕೇಂದ್ರೀಕೃತವಾಗಿತ್ತು. ಮುಂಬಯಿ ವಿಶ್ವವಿದ್ಯಾಲಯವು 1857ರಲ್ಲಿಯೇ ಹುಟ್ಟಿದ್ದರೂ ಕನ್ನಡ ಜಿಲ್ಲೆಗಳಿಗೆ ತಮ್ಮದೇ ಆದ ಸರಕಾರಿ ಕಾಲೇಜು ದೊರೆಯಲು ಅರುವತ್ತು ವರ್ಷ ಕಾಯಬೇಕಾಯಿತು. ಅರಟಾಳ ರುದ್ರಗೌಡರಂಥ ಹಿರಿಯರ ಅವಿರತ ಪ್ರಯತ್ನದಿಂದ 1917ರಲ್ಲಿ ಧಾರವಾಡದಲ್ಲಿ ಕರ್ನಾಟಕ ಕಾಲೇಜು ಆರಂಭವಾಯಿತು. ಅದಕ್ಕೆ ಒಂದು ವರ್ಷ ಮೊದಲು, 1916ರಲ್ಲಿ, ಏಳು ಜನ ಅಧ್ಯಾಪಕರು ಸೇರಿ ಬೆಳಗಾವಿಯಲ್ಲಿ ಕರ್ನಾಟಕ ಲಿಂಗಾಯತ ಎಜ್ಯುಕೇಶನ್ ಸಂಸ್ಥೆಯನ್ನು ಕಟ್ಟಿದ್ದರು. ಪಾವಟೆಯವರ ತಾರುಣ್ಯ ಈ ಜಾಗೃತಿಯ ಕಾಲದೊಂದಿಗೆ ಕೂಡಿಬಂದಿತು. ಹುಟ್ಟಿದ್ದು ಹತ್ತು ವರ್ಷ ಮೊದಲಾಗಿದ್ದರೆ ಅವರಿಗೆ ಧಾರವಾಡದ ಕಾಲೇಜು ಸಿಕ್ಕುತ್ತಿರಲಿಲ್ಲ. ಆ ಹೊಸ ಕಾಲೇಜಿನ ವಿದ್ಯಾರ್ಥಿಯಾಗಿ ಅವರು ಪದವಿ ಪಡೆದರು. ಅವರ ಮನಸ್ಸು ನೆಟ್ಟಿದ್ದು ಗಣಿತದಲ್ಲಿ.

ಗಣಿತವನ್ನು ಕಲಿಯಬಯಸುವ ಭಾರತೀಯ ತರುಣರ ಕಣ್ಣು ಆ ದಿನಗಳಲ್ಲಿ ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾಲಯದ ಮೇಲಿತ್ತು. ಅಲ್ಲಿಯ ಗಣಿತ ಪರೀಕ್ಷೆಗೆ ಟ್ರೈಪಾಸ್ ಎಂದು ಹೆಸರು. ಅದರಲ್ಲಿ ಪ್ರಥಮ ವರ್ಗದಲ್ಲಿ ತೇರ್ಗಡೆಯಾದವರನ್ನು ರ್‍ಯಾಂಗ್ಲರ್ ಎಂದು ಕರೆಯುವುದು ಹಳೆಯ ಸಂಪ್ರದಾಯ. ಪಾವಟೆಯವರು ಹುಟ್ಟಿದ 1899ರಲ್ಲಿಯೇ ರಘುನಾಥ ಪುರುಷೋತ್ತಮ ಪರಾಂಜಪೆಯವರು ಸೀನಿಯರ್ ರ್‍ಯಾಂಗ್ಲರ್ ಪದವಿಯನ್ನು ಗಳಿಸಿ, ಆ ಗೌರವ ಪಡೆದ ಮೊದಲ ಭಾರತೀಯರೆನಿಸಿದರು. ಅವರು ಪುಣೆಗೆ ಮರಳಿ ಫರ್ಗ್ಯುಸನ್ ಕಾಲೇಜಿನಲ್ಲಿ ಕಲಿಸಿದರು, ಅದರ ಪ್ರಾಚಾರ್ಯರಾದರು, ಮುಂದೆ ಪ್ರಾಂತದ ಶಿಕ್ಷಣ ಮಂತ್ರಿಯೂ ಆದರು. ರ್‍ಯಾಂಗ್ಲರ್ ಎಂಬ ಶಬ್ದವು ಮುಂಬಯಿ ಪ್ರಾಂತದ ಮನೆಮನೆಯ ಮಾತಾಗಲು ಅವರೇ ಕಾರಣ. ಪಾವಟೆಯವರ ಪೀಳಿಗೆಯ ಪ್ರತಿಭಾವಂತರಿಗೆ ಆ ಮಾದರಿಯೊಂದು ಕಣ್ಣೆದುರಿಗೇ ಇತ್ತು.

ಪಾವಟೆಯವರು ಕೇಂಬ್ರಿಜ್ಜಿನ ಸಿಡ್ನಿ ಸಸೆಕ್ಸ್ ಕಾಲೇಜನ್ನು ಸೇರಿದರು. ಅವರು ಅಲ್ಲಿದ್ದ 1920ರ ದಶಕದಲ್ಲಿ ಆ ವಿಶ್ವವಿದ್ಯಾಲಯವು ಗಣಿತ ಮತ್ತು ಭೌತವಿಜ್ಞಾನಗಳ ಮಹಾಕ್ಷೇತ್ರವಾಗಿತ್ತು. ಲಿಟಲ್‌ವುಡ್ ಅವರು ಗಣಿತದಲ್ಲಿಯೂ, ಎಡಿಂಗ್ಟನ್ ಅವರು ಖಗೋಳವಿಜ್ಞಾನದಲ್ಲಿಯೂ, ರುದರ್‌ಫರ್ಡ್ ಅವರು ಪರಮಾಣುವಿನ ಅನ್ವೇಷಣೆಯಲ್ಲಿಯೂ ತೊಡಗಿದ್ದ ಕಾಲವದು. ನಮ್ಮ ಶ್ರೀನಿವಾಸ ರಾಮಾನುಜನ್ನರು ಅಲ್ಲಿಂದ ಹಿಂದಿರುಗಿ ಬಹಳ ವರ್ಷಗಳಾಗಿರಲಿಲ್ಲ. ರ್‍ಯಾಂಗ್ಲರರನ್ನು ಅಂಕಗಳ ಕ್ರಮದಲ್ಲಿ ಸಾರುವ ಪದ್ಧತಿ 1909ರ ಬಳಿಕ ನಿಂತುಹೋಗಿತ್ತಾದರೂ ಪರೀಕ್ಷೆಯ ಕಾಠಿಣ್ಯ ಕಡಿಮೆಯಾಗಿರಲಿಲ್ಲ. ಲೋಕದ ನಾನಾ ಭಾಗಗಳಿಂದ ಆಯ್ದು ಬಂದವರ ನಡುವೆ ಗೋಕಾಕ ಸೀಮೆಯ ಈ ತರುಣರು ಗಣಿತದ ಟ್ರೈಪಾಸಿನಲ್ಲಿ ರ್‍ಯಾಂಗ್ಲರ್ ಆದರು. ಉತ್ತರ ಕರ್ನಾಟಕದ ಪಾಲಿಗೆ ಅದು ಅಸಾಧಾರಣ ಸಂಗತಿ. ಹಳ್ಳಿಯ ಮಕ್ಕಳ ಬುದ್ಧಿ ಯಾರ ಬುದ್ಧಿಗೂ ಕಡಿಮೆಯಲ್ಲವೆಂಬುದಕ್ಕೆ ಅದಕ್ಕಿಂತ ಬೇರೆ ಪ್ರಮಾಣ ಬೇಕಿರಲಿಲ್ಲ.

ಸ್ವದೇಶಕ್ಕೆ ಮರಳಿದ ಪಾವಟೆಯವರು ಮೊದಲು ಅಧ್ಯಾಪಕರಾಗಿ ಗಣಿತವನ್ನು ಬೋಧಿಸಿದರು. ಅನಂತರ ಮುಂಬಯಿ ಪ್ರಾಂತದ ಶಿಕ್ಷಣ ಇಲಾಖೆಯನ್ನು ಸೇರಿ, ಕಾಲಕ್ರಮದಲ್ಲಿ ಅದರ ಅತ್ಯುನ್ನತ ಹುದ್ದೆಯಾದ ವಿದ್ಯಾಧಿಕಾರಿಯ ಸ್ಥಾನಕ್ಕೆ ಏರಿದರು. ಗಣಿತಜ್ಞನೊಬ್ಬನ ದೃಷ್ಟಿಯಿಂದ ನೋಡಿದರೆ ಇದು ಸಣ್ಣ ಬದಲಾವಣೆಯಲ್ಲ. ಗಣಿತದ ಸಂಶೋಧನೆ ಏಕಾಂತವನ್ನು ಬೇಡುತ್ತದೆ. ಒಂದು ಸಮಸ್ಯೆಗೆ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಚಿತ್ತವನ್ನು ಒಪ್ಪಿಸಬೇಕಾಗುತ್ತದೆ. ಆಡಳಿತವಾದರೋ ದಿನಕ್ಕೊಂದು ಕಡತವನ್ನು, ಗಳಿಗೆಗೊಂದು ಮನವಿಯನ್ನು ಮುಂದಿಡುತ್ತದೆ. ಎರಡನ್ನೂ ಒಟ್ಟಿಗೆ ಸಾಧಿಸುವುದು ಯಾರಿಗೂ ಸುಲಭವಲ್ಲ. ಪಾವಟೆಯವರ ಹೆಸರಿನ ಪ್ರಮೇಯವೊಂದು ಇಂದು ಪಠ್ಯಪುಸ್ತಕಗಳಲ್ಲಿ ಇಲ್ಲದಿರುವುದಕ್ಕೆ ಅವರು ಆಯ್ದುಕೊಂಡ ಈ ದಾರಿಯೇ ಕಾರಣವೆನ್ನಬಹುದು.

ಆದರೆ ಆ ಕಾಲದ ಅಗತ್ಯವೂ ಅಷ್ಟೇ ಗಹನವಾಗಿತ್ತು. ಸ್ವಾತಂತ್ರ್ಯ ಬಂದ 1947ರಲ್ಲಿಯೇ ಮುಂಬಯಿ ಪ್ರಾಂತವು ಪ್ರಾಥಮಿಕ ಶಿಕ್ಷಣದ ಕಾನೂನನ್ನು ಮಾಡಿತು. ಕಾನೂನನ್ನು ಮಾಡುವುದು ಶಾಸನಸಭೆಯ ಕೆಲಸ. ಹಳ್ಳಿಹಳ್ಳಿಗೆ ಶಾಲೆ, ಶಾಲೆಗೆ ಶಿಕ್ಷಕ, ಶಿಕ್ಷಕನಿಗೆ ತರಬೇತಿ ಮತ್ತು ಸಂಬಳ ಇವುಗಳನ್ನು ಒದಗಿಸುವುದು ಇಲಾಖೆಯ ಕೆಲಸ. ಎಷ್ಟು ಮಕ್ಕಳು, ಎಷ್ಟು ಕೋಣೆಗಳು, ಎಷ್ಟು ಹಣ ಎಂಬ ಲೆಕ್ಕ ತಪ್ಪಿದರೆ ಎಂಥ ಒಳ್ಳೆಯ ಉದ್ದೇಶವೂ ಕಾಗದದಲ್ಲಿಯೇ ಉಳಿಯುತ್ತದೆ. ಗಣಿತದಿಂದ ಬಂದ ನಿಷ್ಕೃಷ್ಟ ಬುದ್ಧಿಗೆ ಇಂಥ ಇಲಾಖೆಯಲ್ಲಿ ಮಾಡುವ ಕೆಲಸ ಬೇಕಾದಷ್ಟಿತ್ತು.

1954ರಲ್ಲಿ ಪಾವಟೆಯವರು ಕರ್ನಾಟಕ ವಿಶ್ವವಿದ್ಯಾಲಯದ ಕುಲಪತಿಗಳಾದರು. ಆಗ ಅವರ ವಯಸ್ಸು ಐವತ್ತೈದು. ಅನೇಕರು ವಿಶ್ರಾಂತಿಯನ್ನು ಬಯಸುವ ಕಾಲ. 1949ರಲ್ಲಿ ಮುಂಬಯಿಯಲ್ಲಿ ಆರಂಭವಾಗಿ ಧಾರವಾಡಕ್ಕೆ ಬಂದಿದ್ದ ಆ ವಿಶ್ವವಿದ್ಯಾಲಯವು ಇನ್ನೂ ಐದು ವರ್ಷದ ಕೂಸಾಗಿತ್ತು. 1956ರ ನವೆಂಬರ್ 1ರಂದು ಭಾಷಾವಾರು ಪ್ರಾಂತರಚನೆಯಾಗಿ ಕನ್ನಡನಾಡು ಒಂದಾದಾಗ ಹೈದರಾಬಾದಿನ ಆಳಿಕೆಯಿಂದ ಬಂದ ಬೀದರ, ಗುಲಬರ್ಗಾ, ರಾಯಚೂರು ಪ್ರದೇಶಗಳ ಉನ್ನತ ಶಿಕ್ಷಣದ ಹೊಣೆಯೂ ಅದಕ್ಕೆ ಸೇರಿತು. ಬಡತನವೂ ಅನಕ್ಷರತೆಯೂ ಹೆಚ್ಚಾಗಿದ್ದ, ಮೂರು ಬೇರೆ ಬೇರೆ ಆಡಳಿತಗಳ ಸಂಸ್ಕಾರ ಪಡೆದಿದ್ದ ಈ ವಿಶಾಲ ಭೂಭಾಗಕ್ಕೆ ಒಂದೇ ವಿದ್ಯಾಮಟ್ಟವನ್ನು ತರುವುದು ಆ ಕುಲಪತಿಗಳ ಮುಂದಿದ್ದ ಸಮಸ್ಯೆ.

ಹದಿಮೂರು ವರ್ಷಗಳ ಕಾಲ, 1967ರವರೆಗೆ, ಅವರು ಆ ಪೀಠದಲ್ಲಿದ್ದರು. ಧಾರವಾಡದ ಹೊರವಲಯದಲ್ಲಿ ಛೋಟಾ ಮಹಾಬಳೇಶ್ವರವೆಂದು ಹೆಸರಾದ ಗುಡ್ಡದ ಮೇಲೆ ವಿಶ್ವವಿದ್ಯಾಲಯದ ವಿಶಾಲ ಆವರಣವು ಅವರ ಕಾಲದಲ್ಲಿಯೇ ರೂಪುಗೊಂಡಿತು. ಕಲೆ, ವಿಜ್ಞಾನ, ಸಮಾಜವಿಜ್ಞಾನಗಳ ಸ್ನಾತಕೋತ್ತರ ವಿಭಾಗಗಳು, ಗ್ರಂಥಾಲಯ, ಪ್ರಯೋಗಾಲಯ, ವಸತಿಗೃಹಗಳು ಅಲ್ಲಿ ನೆಲೆಗೊಂಡುವು. ತಾವು ಓದಿದ ಕರ್ನಾಟಕ ಕಾಲೇಜು ಕೂಡ ಅವರ ಆಡಳಿತದ ಅವಧಿಯಲ್ಲಿಯೇ ಸರಕಾರದ ಕೈಯಿಂದ ವಿಶ್ವವಿದ್ಯಾಲಯದ ಕೈಗೆ ಬಂದಿತು. ಕಟ್ಟಡಗಳು ಎದ್ದು ಕಾಣುತ್ತವೆ. ಅವುಗಳ ಹಿಂದಿನ ಕೆಲಸ ಕಾಣುವುದಿಲ್ಲ. ಯೋಗ್ಯ ಅಧ್ಯಾಪಕರನ್ನು ಹುಡುಕಿ ತರುವುದು, ಅವರಿಗೆ ಸಂಶೋಧನೆಯ ಬಿಡುವು ಕೊಡುವುದು, ಪರೀಕ್ಷೆಗಳ ಶುದ್ಧಿಯನ್ನು ಕಾಯುವುದು, ಅನುದಾನಕ್ಕಾಗಿ ಬೆಂಗಳೂರಿಗೂ ದಿಲ್ಲಿಗೂ ಎಡತಾಕುವುದು ಇವೆಲ್ಲ ಬೆಳೆಯುತ್ತಿರುವ ವಿಶ್ವವಿದ್ಯಾಲಯದ ಕುಲಪತಿಯ ನಿತ್ಯಕರ್ಮಗಳು. ಇದೇ ನಗರದಲ್ಲಿ ಮುರುಘಾಮಠದ ಪ್ರಸಾದನಿಲಯದಂಥ ಸಂಸ್ಥೆಗಳು ಹಳ್ಳಿಯ ಬಡ ವಿದ್ಯಾರ್ಥಿಗಳಿಗೆ ಅನ್ನ ಮತ್ತು ಆಶ್ರಯಗಳನ್ನು ಕೊಡುತ್ತಿದ್ದುವು. ಮಠವು ಹಸಿವನ್ನು ನೀಗಿತು. ವಿಶ್ವವಿದ್ಯಾಲಯವು ವಿದ್ಯೆಯನ್ನು ನೀಡಿತು. ಎರಡೂ ಕೂಡಿದ್ದರಿಂದಲೇ ರೈತರ, ಕೂಲಿಕಾರರ ಮಕ್ಕಳು ಪದವೀಧರರಾದರು.

ಆ ವರ್ಷಗಳಲ್ಲಿ ವಿಶ್ವವಿದ್ಯಾಲಯವು ಕೈಗೊಂಡ ಒಂದು ಕಾರ್ಯ ಕನ್ನಡದ ಹೊರಗಿನ ಲೋಕಕ್ಕೂ ಸಂಬಂಧಿಸಿದ್ದು. ಶಿವಶರಣರ ಅನುಭವಗೋಷ್ಠಿಯನ್ನು ನಿರೂಪಿಸುವ ಶೂನ್ಯಸಂಪಾದನೆಯನ್ನು ಇಂಗ್ಲಿಷ್ ಅನುವಾದ ಮತ್ತು ವಿವರಣೆಗಳೊಂದಿಗೆ ಐದು ಸಂಪುಟಗಳಲ್ಲಿ ಅದು ಪ್ರಕಟಿಸಿತು. ಡಾ. ಎಸ್. ಸಿ. ನಂದಿಮಠ, ಎಲ್. ಎಂ. ಎ. ಮೆನೇಜಸ್, ಡಾ. ಆರ್. ಸಿ. ಹಿರೇಮಠ ಇವರು ಸಂಪಾದಿಸಿದ ಮೊದಲ ಸಂಪುಟವು ಪಾವಟೆಯವರು ಕುಲಪತಿಗಳಾಗಿದ್ದಾಗಲೇ, 1965ರಲ್ಲಿ, ಹೊರಬಂದಿತು. ಕೇಂಬ್ರಿಜ್ಜಿನ ವಿದ್ಯೆಯನ್ನು ಧಾರವಾಡಕ್ಕೆ ತಂದವರ ಕಾಲದಲ್ಲಿಯೇ ಕಲ್ಯಾಣದ ಅನುಭಾವವು ಇಂಗ್ಲಿಷ್ ಓದುಗರ ಕೈಗೆ ಸಿಕ್ಕಿತು. ವಿದ್ಯೆಯ ವಿನಿಮಯವೆಂದರೆ ಕೊಳ್ಳುವುದಷ್ಟೇ ಅಲ್ಲ, ಕೊಡುವುದೂ ಹೌದು.

ಪಾವಟೆಯವರ ಆಯ್ಕೆಯ ಸ್ವರೂಪವನ್ನು ತಿಳಿಯಲು ಗಣಿತದ ಸಹೋದರ ಶಾಸ್ತ್ರವಾದ ಸಂಖ್ಯಾಶಾಸ್ತ್ರದ ಕಡೆಗೆ ನೋಡಬಹುದು. ಒಂದು ಹಿಡಿ ಕಾಳನ್ನು ನೋಡಿ ಕಣಜದ ಗುಣವನ್ನು ಹೇಳುವ ರೈತನ ಅನುಭವಕ್ಕೆ ಖಚಿತವಾದ ನಿಯಮಗಳನ್ನು ಕೊಟ್ಟ ಶಾಸ್ತ್ರವದು. ಎಷ್ಟು ಹೊಲಗಳನ್ನು ಪರೀಕ್ಷಿಸಿದರೆ ಒಂದು ಜಿಲ್ಲೆಯ ಬೆಳೆಯನ್ನು ಅಂದಾಜು ಮಾಡಬಹುದು, ಆ ಅಂದಾಜಿನಲ್ಲಿ ತಪ್ಪು ಎಷ್ಟಿರಬಹುದು ಎಂಬುದನ್ನು ಅದು ಹೇಳುತ್ತದೆ. ಕೇಂಬ್ರಿಜ್ಜಿನಲ್ಲಿಯೇ ಓದಿ ಬಂದ ಪ್ರಶಾಂತಚಂದ್ರ ಮಹಾಲನೋಬಿಸರು 1931ರಲ್ಲಿ ಕಲಕತ್ತೆಯಲ್ಲಿ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯನ್ನು ಸ್ಥಾಪಿಸಿದರು. ಬಳ್ಳಾರಿ ಸೀಮೆಯ ಹೂವಿನಹಡಗಲಿಯಲ್ಲಿ 1920ರಲ್ಲಿ ಜನಿಸಿದ ಸಿ. ಆರ್. ರಾವ್ ಅವರು ಆ ಸಂಸ್ಥೆಯಲ್ಲಿ ಬೆಳೆದು, ಕೇಂಬ್ರಿಜ್ಜಿನಲ್ಲಿ ಫಿಶರ್ ಅವರ ಮಾರ್ಗದರ್ಶನದಲ್ಲಿ ಡಾಕ್ಟರೇಟ್ ಪಡೆದು, ಕಲಕತ್ತೆಯಲ್ಲಿಯೂ ಅನಂತರ ಅಮೆರಿಕೆಯಲ್ಲಿಯೂ ದೀರ್ಘಕಾಲ ಸಂಶೋಧಿಸಿ, 2023ರಲ್ಲಿ ನೂರಮೂರನೆಯ ವರ್ಷಕ್ಕೆ ಸಮೀಪವಾಗಿ ತೀರಿಕೊಂಡರು. ಅವರ ಹೆಸರು ಶಾಸ್ತ್ರದ ಸೂತ್ರಗಳಲ್ಲಿ ಸೇರಿಹೋಗಿದೆ. ಪಾವಟೆಯವರದು ಬೇರೆ ದಾರಿ. ರಾವ್ ಅವರಂಥವರು ಶಾಸ್ತ್ರವನ್ನು ಬೆಳೆಸಿದರು. ಪಾವಟೆಯವರಂಥವರು ಶಾಸ್ತ್ರವನ್ನು ಕಲಿಯುವ ಮನೆಯನ್ನು ಕಟ್ಟಿದರು. ಧಾರವಾಡದಲ್ಲಿ ಗಣಿತದ ಜೊತೆಗೆ ಸಂಖ್ಯಾಶಾಸ್ತ್ರವೂ ಸ್ವತಂತ್ರ ವಿಭಾಗವಾಗಿ ನೆಲೆನಿಂತು, ಅಲ್ಲಿ ಕಲಿತವರು ನಾಡಿನ ಕಾಲೇಜುಗಳಲ್ಲಿ ಕಲಿಸುವಂತಾದಾಗ ಆ ಮನೆಯ ಬೆಲೆ ತಿಳಿಯಿತು.

ಕೇಂದ್ರ ಸರಕಾರವು 1967ರಲ್ಲಿ ಅವರಿಗೆ ಪದ್ಮಭೂಷಣ ಪ್ರಶಸ್ತಿಯನ್ನಿತ್ತು ಗೌರವಿಸಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಅವರು ಪಂಜಾಬದ ರಾಜ್ಯಪಾಲರಾದರು. ಮರುವರ್ಷವೇ ಅವರ ವಿವೇಕಕ್ಕೆ ಕಠಿಣವಾದ ಪರೀಕ್ಷೆ ಬಂದಿತು. 1968ರ ಮಾರ್ಚಿಯಲ್ಲಿ ಮುಂಗಡಪತ್ರದ ಅಧಿವೇಶನ ನಡೆದಿದ್ದಾಗ ಸಭಾಧ್ಯಕ್ಷರು ವಿಧಾನಸಭೆಯನ್ನು ಎರಡು ತಿಂಗಳ ಕಾಲ ಮುಂದೂಡಿದರು. ಹೊಸ ಆರ್ಥಿಕ ವರ್ಷ ಹತ್ತಿರದಲ್ಲಿಯೇ ಇತ್ತು. ಹಣದ ಮಸೂದೆಗಳು ಅಂಗೀಕಾರವಾಗದಿದ್ದರೆ ರಾಜ್ಯದ ಖರ್ಚು ನಡೆಯುವಂತಿರಲಿಲ್ಲ. ರಾಜ್ಯಪಾಲರು ಅಧಿವೇಶನವನ್ನು ಮುಕ್ತಾಯಗೊಳಿಸಿ, ಹಣಕಾಸಿನ ಕಲಾಪಕ್ಕೆ ಅಡ್ಡಿಯಾಗದಂತೆ ಅಧ್ಯಾದೇಶ ಹೊರಡಿಸಿ, ಸಭೆಯನ್ನು ಕೂಡಲೇ ಮತ್ತೆ ಕರೆದರು. ಉಚ್ಚ ನ್ಯಾಯಾಲಯವು ಆ ಕ್ರಮದಿಂದ ಬಂದ ಕಾನೂನುಗಳನ್ನು ಒಪ್ಪಲಿಲ್ಲ. ಆದರೆ ಸರ್ವೋಚ್ಚ ನ್ಯಾಯಾಲಯವು ಅದೇ ವರ್ಷ ರಾಜ್ಯಪಾಲರ ಕ್ರಮವನ್ನು ಎತ್ತಿಹಿಡಿಯಿತು. ಸಂವಿಧಾನದ ವಿದ್ಯಾರ್ಥಿಗಳು ಈ ಪ್ರಕರಣವನ್ನು ಇಂದಿಗೂ ಓದುತ್ತಾರೆ. ಅವರ ಅವಧಿಯಲ್ಲಿ ಮಂತ್ರಿಮಂಡಲಗಳು ಮೇಲಿಂದ ಮೇಲೆ ಬದಲಾದುವು. ಎರಡು ಸಲ ರಾಷ್ಟ್ರಪತಿಗಳ ಆಳಿಕೆ ಬಂದಿತು. 1971ರ ಯುದ್ಧವೂ ನಡೆಯಿತು. ಗುರುನಾನಕರ ಐದುನೂರನೆಯ ಜಯಂತಿಯ ಸಂದರ್ಭದಲ್ಲಿ, 1969ರ ನವೆಂಬರ್ 24ರಂದು, ಅಮೃತಸರದಲ್ಲಿ ಅವರ ಹೆಸರಿನ ವಿಶ್ವವಿದ್ಯಾಲಯ ಸ್ಥಾಪಿತವಾದಾಗಲೂ ರಾಜ್ಯಪಾಲರು ಪಾವಟೆಯವರೇ. ಹೊಸ ವಿಶ್ವವಿದ್ಯಾಲಯವೊಂದರ ಕಷ್ಟಸುಖಗಳನ್ನು ಅವರಷ್ಟು ಹತ್ತಿರದಿಂದ ಕಂಡ ರಾಜ್ಯಪಾಲರು ವಿರಳ.

1973ರ ಮೇ ತಿಂಗಳಲ್ಲಿ ಆ ಹೊಣೆಯಿಂದ ಅವರು ನಿವೃತ್ತರಾದರು. ಶಿಕ್ಷಣಾಡಳಿತದ ಅನುಭವಗಳನ್ನು ಕುರಿತು ಒಂದು, ರಾಜ್ಯಪಾಲರಾಗಿ ಕಳೆದ ದಿನಗಳನ್ನು ಕುರಿತು ಇನ್ನೊಂದು, ಹೀಗೆ ಎರಡು ಸ್ಮರಣಗ್ರಂಥಗಳನ್ನು ಅವರು ಇಂಗ್ಲಿಷಿನಲ್ಲಿ ಬರೆದಿದ್ದಾರೆ. 1979ರ ಜನವರಿ 17ರಂದು, ಎಪ್ಪತ್ತೊಂಬತ್ತನೆಯ ವಯಸ್ಸಿನಲ್ಲಿ, ಅವರು ಇಹಲೋಕದ ಯಾತ್ರೆಯನ್ನು ಮುಗಿಸಿದರು. ಮುಂದೆ ಅವರ ಸ್ಮರಣೆಗಾಗಿ ಪ್ರತಿಷ್ಠಾನವೊಂದು ಏರ್ಪಟ್ಟು, ಇಲ್ಲಿಯ ವಿದ್ವಾಂಸರು ಕೇಂಬ್ರಿಜ್ಜಿಗೆ ಹೋಗಿ ಅಧ್ಯಯನ ಮಾಡಲು ಅವರ ಹೆಸರಿನಲ್ಲಿ ಫೆಲೋಶಿಪ್ ಸ್ಥಾಪಿತವಾಯಿತು. ಒಬ್ಬರು ಹೋಗಿಬಂದ ದಾರಿ ಹೀಗೆ ಹಲವರ ದಾರಿಯಾಯಿತು.

ಪಾವಟೆಯವರು ಗಣಿತವನ್ನು ಬಿಟ್ಟುದರಿಂದ ಗಣಿತಕ್ಕೆ ಎಷ್ಟು ನಷ್ಟವಾಯಿತೆಂದು ಅಳೆಯುವ ಸಾಧನವಿಲ್ಲ. ಅವರು ಬರೆಯಬಹುದಾಗಿದ್ದ ಪ್ರಬಂಧಗಳು ಬರೆಯದೆಯೇ ಉಳಿದುವು. ಆದರೆ ಅವರ ಕಾಲದಲ್ಲಿ ಧಾರವಾಡದ ಗುಡ್ಡವನ್ನು ಹತ್ತಿದ ಮನೆತನದ ಮೊದಲ ಪದವೀಧರರನ್ನು, ಆ ಪದವೀಧರರು ತಮ್ಮ ತಾಲೂಕುಗಳಿಗೆ ಮರಳಿ ಕಲಿಸಿದ ಮಕ್ಕಳನ್ನು, ಆ ಮಕ್ಕಳ ಮಕ್ಕಳನ್ನು ನೆನೆದರೆ ಲಾಭದ ಲೆಕ್ಕವೂ ಸುಲಭವಾಗಿ ಮುಗಿಯುವಂಥದಲ್ಲ. ಅಥಣಿ ಸೀಮೆಯ ಶಾಲೆಯಲ್ಲಿ ಇಂದು ಕರಿಹಲಗೆಯ ಮುಂದೆ ನಿಂತು ಲೆಕ್ಕ ಬಿಡಿಸುವ ಬಾಲಕ ಬಾಲಕಿಯರಿಗೆ ಮಮದಾಪುರ ಬಹಳ ದೂರದ ಊರಲ್ಲ. ಅಲ್ಲಿಂದ ಹೊರಟವರೊಬ್ಬರು ಕೇಂಬ್ರಿಜ್ಜಿಗೆ ಹೋಗಿ ರ್‍ಯಾಂಗ್ಲರ್ ಆದರು; ಹಿಂದಿರುಗಿ ಬಂದು, ತಾವು ಪಡೆದ ವಿದ್ಯೆ ತಮ್ಮ ನಾಡಿನಲ್ಲಿಯೇ ದೊರೆಯುವಂತೆ ದುಡಿದರು. ಅವರಲ್ಲಿ ಕೆಲವರು ಶಾಸ್ತ್ರವನ್ನು ಬೆಳೆಸಲಿ, ಕೆಲವರು ಶಾಲೆಗಳನ್ನು ಬೆಳೆಸಲಿ. ಎರಡೂ ನಾಡಿಗೆ ಬೇಕಾದ ಕೆಲಸಗಳೇ.